ದಾನದ ಮೇಲಣ ತೆರಿಗೆ: ಒಂದು ಹಳೆಯ ವಾದದ ಇತಿಹಾಸ

ಚಾಲುಕ್ಯರ ಕಾಲದ ಕನ್ನಡ ದತ್ತಿಶಾಸನಗಳನ್ನು ಓದಿದವರಿಗೆ ‘ಸರ್ವನಮಸ್ಯ’, ‘ಸರ್ವಬಾಧಾಪರಿಹಾರ’ ಎಂಬ ಮಾತುಗಳು ಹೊಸವಲ್ಲ. ದೇವಾಲಯಕ್ಕೋ ಮಠಕ್ಕೋ ಭೂಮಿಯನ್ನು ಬಿಟ್ಟಾಗ, ಆ ಭೂಮಿಯಿಂದ ಅರಸನಿಗೆ ಸಲ್ಲಬೇಕಾದ ತೆರಿಗೆಗಳನ್ನೂ ಬಿಡಲಾಗಿದೆ ಎಂಬುದು ಅವುಗಳ ತಾತ್ಪರ್ಯ. ಮುಂದೆ ಬರುವ ಅಧಿಕಾರಿ ಈ ವಿನಾಯಿತಿಯನ್ನು ಕಿತ್ತುಕೊಳ್ಳಬಾರದೆಂದೇ ಅದನ್ನು ಕಲ್ಲಿನ ಮೇಲೆ ಬರೆಸುತ್ತಿದ್ದರು. ಇಂದು ಆ ಕಲ್ಲಿನ ಸ್ಥಾನದಲ್ಲಿ ಆದಾಯ ತೆರಿಗೆಯ ಕಾಯಿದೆಯಿದೆ. ಕಲ್ಲಿನ ಬರಹದಂತೆ ಇದು ಸ್ಥಿರವಲ್ಲ. ಪ್ರತಿವರ್ಷದ ಮುಂಗಡಪತ್ರದಲ್ಲಿ ತಿದ್ದುಪಡಿಯಾಗಬಲ್ಲದು. ಆದುದರಿಂದ ದಾನಕ್ಕೆ ಸಿಗುವ ರಿಯಾಯಿತಿಯನ್ನು ಕಾಲಕಾಲಕ್ಕೆ ವಾದಿಸಿ ಉಳಿಸಿಕೊಳ್ಳಬೇಕಾಗುತ್ತದೆ. ಹಾಗೆ ವಾದಿಸಿದವರ ಇತಿಹಾಸವನ್ನು ವಂತಿಗೆಯಿಂದಲೇ ಬದುಕಿರುವ ನಮ್ಮಂಥ ಗಡಿಯಾಚೆಯ ಸಂಘಗಳು ತಿಳಿದಿರುವುದು ಒಳ್ಳೆಯದು.

ಈ ವಾದ ಮೊದಲು ದೊಡ್ಡದಾಗಿ ಎದ್ದುದು ಇಂಗ್ಲೆಂಡಿನಲ್ಲಿ, 1863ರಲ್ಲಿ. ಆಗ ಹಣಕಾಸಿನ ಮಂತ್ರಿಯಾಗಿದ್ದವರು ವಿಲಿಯಂ ಗ್ಲ್ಯಾಡ್‌ಸ್ಟನ್. 1799ರಲ್ಲಿ ಆದಾಯ ತೆರಿಗೆ ಹುಟ್ಟಿದಂದಿನಿಂದಲೂ ಧರ್ಮಾರ್ಥ ಸಂಸ್ಥೆಗಳ ಆದಾಯಕ್ಕೆ ಅಲ್ಲಿ ವಿನಾಯಿತಿಯಿತ್ತು. ಅದನ್ನು ರದ್ದುಗೊಳಿಸುವ ಪ್ರಸ್ತಾಪವನ್ನು ಗ್ಲ್ಯಾಡ್‌ಸ್ಟನ್ ಆ ವರ್ಷದ ಮುಂಗಡಪತ್ರದಲ್ಲಿ ಮುಂದಿಟ್ಟರು. ಆಸ್ಪತ್ರೆಗಳು, ಶಾಲೆಗಳು, ಅನಾಥಾಲಯಗಳು ಒಂದಾಗಿ ಎದ್ದುನಿಂತವು. ಮೇ 4ರಂದು ರಾಣಿಯ ಸಂಬಂಧಿಯಾದ ಕೇಂಬ್ರಿಜ್ಜಿನ ಡ್ಯೂಕರ ಮುಂದಾಳತನದಲ್ಲಿ ದೊಡ್ಡ ನಿಯೋಗವೊಂದು ಮಂತ್ರಿಗಳನ್ನು ಕಂಡಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಸಮಾಜ ಸುಧಾರಕರಾದ ಷಾಫ್ಟ್ಸ್‌ಬರಿ ಅದರಲ್ಲಿದ್ದರು. ಅದೇ ಸಂಜೆ ಗ್ಲ್ಯಾಡ್‌ಸ್ಟನ್ ಪಾರ್ಲಿಮೆಂಟಿನಲ್ಲಿ ದೀರ್ಘ ಭಾಷಣ ಮಾಡಿದರು. ಸಭೆಯಲ್ಲಿ ಬೆಂಬಲ ಕಾಣದೆ ಪ್ರಸ್ತಾಪವನ್ನು ಹಿಂತೆಗೆದುಕೊಂಡರು.

ನಿಯೋಗ ಗೆದ್ದಿತು. ಆದರೆ ಭಾಷಣ ಉಳಿಯಿತು. ಅದರಲ್ಲಿದ್ದ ಆಕ್ಷೇಪಣೆಗಳು ಇಂದಿಗೂ ಹಳತಾಗಿಲ್ಲ. ವಿನಾಯಿತಿಯೆಂಬುದು ಬೊಕ್ಕಸದಿಂದ ಕೊಟ್ಟ ಸಹಾಯಧನವೇ ಅಲ್ಲವೆ? ಒಬ್ಬರಿಗೆ ಬಿಟ್ಟ ತೆರಿಗೆಯನ್ನು ಉಳಿದವರು ತುಂಬಬೇಕಲ್ಲವೆ? ನೇರವಾಗಿ ಕೊಟ್ಟ ಸಹಾಯಧನಕ್ಕೆ ಶಾಸನಸಭೆ ಲೆಕ್ಕ ಕೇಳುತ್ತದೆ. ಈ ಮರೆಯ ಸಹಾಯಧನಕ್ಕೆ ಲೆಕ್ಕ ಕೇಳುವವರಾರು? ಸಾಯುವಾಗ ಮರಣಶಾಸನದಲ್ಲಿ ಆಸ್ತಿ ಬರೆದಿಟ್ಟವನದು ಯಾವ ತ್ಯಾಗ? ಈ ಪ್ರಶ್ನೆಗಳಿಗೆ ಆ ದಿನದ ನಿಯೋಗ ತೃಪ್ತಿಕರವಾದ ಉತ್ತರ ಕೊಟ್ಟಿತೆಂದು ನಾವು ಹೇಳಲಾರೆವು. ಅದು ಗೆದ್ದುದು ಉತ್ತರದ ಬಲದಿಂದಲ್ಲ, ದೊಡ್ಡವರ ಹೆಸರಿನ ಬಲದಿಂದ.

ಗ್ಲ್ಯಾಡ್‌ಸ್ಟನ್ನರ ವಿವಾದ ಸಂಸ್ಥೆಯ ಆದಾಯಕ್ಕೆ ಸಂಬಂಧಿಸಿದ್ದು. ದಾನಿಯ ಆದಾಯದಲ್ಲಿ ದಾನದ ಮೊತ್ತವನ್ನು ಕಳೆಯುವ ಪದ್ಧತಿಗೆ 1917ರ ಅಮೆರಿಕ ಪ್ರಸಿದ್ಧ ನಿದರ್ಶನ. ಮಹಾಯುದ್ಧದ ವೆಚ್ಚಕ್ಕಾಗಿ ಅಲ್ಲಿ ತೆರಿಗೆಯ ದರವನ್ನು ವಿಪರೀತವಾಗಿ ಏರಿಸಲಾಯಿತು. ಶ್ರೀಮಂತರು ದಾನ ಮಾಡುವುದು ತಮ್ಮ ಮಿಕ್ಕ ಹಣದಿಂದ. ಆ ಮಿಕ್ಕುದನ್ನೆಲ್ಲ ಸರ್ಕಾರವೇ ಕೊಂಡೊಯ್ದರೆ ಕಾಲೇಜುಗಳೂ ಆಸ್ಪತ್ರೆಗಳೂ ಬರಿಗೈಯಾಗುತ್ತವೆ ಎಂದು ಸೆನೆಟರ್ ಹೆನ್ರಿ ಹಾಲಿಸ್ ವಾದಿಸಿದರು. ಆದಾಯದ ಶೇಕಡ 15ರ ಮಿತಿಯೊಳಗೆ ದಾನದ ಮೊತ್ತವನ್ನು ಕಳೆಯಲು ಅವಕಾಶ ದೊರೆಯಿತು. ಬ್ರಿಟನ್ನಿನಲ್ಲಿ ಇಂಥದೇ ಜಗಳ 2012ರಲ್ಲಿ ಮರುಕಳಿಸಿತು. ಮಂತ್ರಿ ಜಾರ್ಜ್ ಆಸ್ಬಾರ್ನ್ ಮಾರ್ಚ್ ತಿಂಗಳ ಮುಂಗಡಪತ್ರದಲ್ಲಿ ತೆರಿಗೆಯ ರಿಯಾಯಿತಿಗಳಿಗೆ 50,000 ಪೌಂಡು ಅಥವಾ ಆದಾಯದ ಕಾಲುಭಾಗ, ಇವೆರಡರಲ್ಲಿ ಹೆಚ್ಚಿನದನ್ನು ಮಿತಿಯಾಗಿಟ್ಟು, ದಾನವನ್ನೂ ಅದರೊಳಗೆ ಸೇರಿಸಿದರು. ಧರ್ಮಾರ್ಥ ಸಂಸ್ಥೆಗಳು ಒಟ್ಟಾಗಿ ಪ್ರತಿಭಟಿಸಿದವು. ಮೇ 31ರಂದು ದಾನವನ್ನು ಆ ಮಿತಿಯಿಂದ ಹೊರಗಿಡಲಾಯಿತು.

ನಮ್ಮ ದೇಶದಲ್ಲಿ 1886ರ ಕಾಯಿದೆಯೇ ಧಾರ್ಮಿಕ ಮತ್ತು ಸಾರ್ವಜನಿಕ ಧರ್ಮಕಾರ್ಯಕ್ಕೆ ಮೀಸಲಾದ ಆಸ್ತಿಯ ಆದಾಯಕ್ಕೆ ವಿನಾಯಿತಿ ಕೊಟ್ಟಿತ್ತು. 1922ರ ಕಾಯಿದೆಯಲ್ಲಿ ಧರ್ಮಕಾರ್ಯವೆಂದರೆ ಬಡವರ ನೆರವು, ವಿದ್ಯೆ, ವೈದ್ಯಕೀಯ ನೆರವು ಮತ್ತು ಸಾರ್ವಜನಿಕರಿಗೆ ಉಪಯುಕ್ತವಾದ ಇತರ ಉದ್ದೇಶಗಳು ಎಂಬ ವ್ಯಾಖ್ಯೆಯಿತ್ತು. ಈ ಕೊನೆಯ ಬಾಗಿಲಿನಿಂದಲೇ ಲಾಹೋರಿನ ಟ್ರಿಬ್ಯೂನ್ ಪತ್ರಿಕೆಯ ಟ್ರಸ್ಟಿಗೆ 1939ರಲ್ಲಿ ಪ್ರಿವಿ ಕೌನ್ಸಿಲ್ ವಿನಾಯಿತಿ ನೀಡಿತು. 1961ರ ಕಾಯಿದೆ ಆ ಬಾಗಿಲಿಗೆ ಹತ್ತು ಇಂಗ್ಲಿಷ್ ಪದಗಳ ಅಗುಳಿ ಹಾಕಿತು: ಉದ್ದೇಶವು ಲಾಭಕ್ಕಾಗಿ ನಡೆಸುವ ಯಾವುದೇ ಚಟುವಟಿಕೆಯನ್ನು ಒಳಗೊಂಡಿರಬಾರದು.

ಅದರ ಪೆಟ್ಟು ತಗುಲಿದ ಸಂಸ್ಥೆಗಳಲ್ಲಿ ಒಂದು ಕನ್ನಡಿಗರ ಸ್ವಂತದ್ದು. 1935ರಲ್ಲಿ ಹುಟ್ಟಿದ ಲೋಕಶಿಕ್ಷಣ ಟ್ರಸ್ಟು ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ‘ಕಸ್ತೂರಿ’ಗಳನ್ನು ನಡೆಸುತ್ತಿದ್ದುದು ಏಕೀಕರಣದ ಕಾಲವನ್ನು ಕಂಡವರಿಗೆಲ್ಲ ಗೊತ್ತು. ಅದರ ಏಕೈಕ ಧರ್ಮದರ್ಶಿಗಳು ರಂಗನಾಥ ದಿವಾಕರರು. 1962-63ನೆಯ ಸಾಲಿನ ತೆರಿಗೆಯ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಜನರಿಗೆ ತಿಳಿವಳಿಕೆ ಕೊಡುವುದೇ ಶಿಕ್ಷಣವೆಂಬುದು ಟ್ರಸ್ಟಿನ ನಿಲುವು. ಕಾಯಿದೆಯ ಅರ್ಥದಲ್ಲಿ ವಿದ್ಯೆಯೆಂದರೆ ಕ್ರಮಬದ್ಧವಾದ ಬೋಧನೆ. ಪತ್ರಿಕೆ ನಡೆಸುವುದು ಸಾರ್ವಜನಿಕ ಉಪಯೋಗದ ಕೆಲಸವಾದರೂ ಇಲ್ಲಿ ಲಾಭದ ಚಟುವಟಿಕೆ ಸೇರಿದೆ ಎಂದು 1975ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಲಾಹೋರಿನ ಪತ್ರಿಕೆಗೆ ದೊರೆತದ್ದು ಹುಬ್ಬಳ್ಳಿಯ ಪತ್ರಿಕೆಗೆ ದೊರೆಯಲಿಲ್ಲ. ನಡುವೆ ಬದಲಾದದ್ದು ಕಾಯಿದೆಯ ಹತ್ತು ಪದ.

ವಾದ ಅಲ್ಲಿಗೆ ನಿಲ್ಲಲಿಲ್ಲ. 1979ರಲ್ಲಿ ಸೂರತ್ತಿನ ಕೃತಕ ರೇಷ್ಮೆ ಬಟ್ಟೆ ತಯಾರಕರ ಸಂಘದ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಪೀಠದ ಬಹುಮತವು, ಸಂಸ್ಥೆಯ ಪ್ರಧಾನ ಉದ್ದೇಶ ಲಾಭವಾಗಿರದಿದ್ದರೆ ಸಾಕೆಂದು ಹೇಳಿತು. 1983ರಲ್ಲಿ ಸಂಸತ್ತು ಆ ಹತ್ತು ಪದಗಳನ್ನೇ ತೆಗೆದುಹಾಕಿತು. 2008ರಲ್ಲಿ ವ್ಯಾಪಾರದ ಸ್ವರೂಪದ ಚಟುವಟಿಕೆಗಳ ಮೇಲೆ ನಿರ್ಬಂಧ ಮತ್ತೆ ಬಂದಿತು. ಈಗ ಅಂಥ ಚಟುವಟಿಕೆಯ ಹುಟ್ಟುವಳಿ ಒಟ್ಟು ಜಮೆಯ ಶೇಕಡ 20ನ್ನು ಮೀರಬಾರದೆಂಬ ನಿಯಮವಿದೆ. ಸಭಾಭವನದ ಬಾಡಿಗೆಯಿಂದಲೋ ಪುಸ್ತಕ ಮಾರಾಟದಿಂದಲೋ ಖರ್ಚು ತೂಗಿಸುವ ಸಂಘಗಳು ಇದನ್ನು ಮರೆಯುವಂತಿಲ್ಲ.

ದಾನಿಗೆ ದೊರೆಯುವ ರಿಯಾಯಿತಿಯ ಸಂಗತಿ ಬೇರೆ. 1968ರ ಏಪ್ರಿಲಿನಲ್ಲಿ ಜಾರಿಗೆ ಬಂದ 80ಜಿ ಕಲಮಿನಂತೆ, ಮಾನ್ಯತೆ ಪಡೆದ ನಮ್ಮಂಥ ಸಂಸ್ಥೆಗೆ ಕೊಟ್ಟ ದಾನದ ಅರ್ಧವನ್ನು ನಿಗದಿಯಾದ ಮಿತಿಯೊಳಗೆ ಆದಾಯದಿಂದ ಕಳೆಯಬಹುದು. ಶೇಕಡ 30ರ ದರದಲ್ಲಿ ತೆರಿಗೆ ಕೊಡುವವರು 10,000 ರೂಪಾಯಿ ಚೆಕ್ಕಿನಲ್ಲಿ ಕೊಟ್ಟರೆ, 5,000 ರೂಪಾಯಿಗೆ ತೆರಿಗೆ ತಪ್ಪಿ, ಮೇಲ್ತೆರಿಗೆಗಳನ್ನು ಬಿಟ್ಟು, 1,500 ರೂಪಾಯಿ ಉಳಿಯುತ್ತದೆ. ಆದರೆ 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ಈ ರಿಯಾಯಿತಿಯಿಲ್ಲ. 2023-24ರಿಂದ ಆ ಪದ್ಧತಿಯೇ ಸಹಜವಾಗಿ ಅನ್ವಯಿಸುತ್ತದೆ; ಹಳೆಯದು ಬೇಕಾದವರು ಅದನ್ನು ಆರಿಸಿಕೊಳ್ಳಬೇಕು. ಹಳೆಯ ಪದ್ಧತಿಯಲ್ಲಿ ಹೊಸ ಸಂಬಳದಾರರು ಕಡಿಮೆಯಾದಷ್ಟೂ 80ಜಿಯ ಮುದ್ರೆಯುಳ್ಳ ನಮ್ಮ ಪಾವತಿಯ ಬೆಲೆ ಇಳಿಯುತ್ತದೆ. 1863ರಲ್ಲಿ ಪ್ರಸ್ತಾಪವೊಂದು ಎದುರಿಗೇ ಬಂದು ನಿಂತಿತ್ತು, ಜನ ಪ್ರತಿಭಟಿಸಿದರು. ಇಲ್ಲಿ ಯಾರೂ ಏನನ್ನೂ ರದ್ದುಮಾಡಲಿಲ್ಲ. ಕಲಮು ಕಾಯಿದೆಯಲ್ಲಿ ಇದ್ದಂತೆಯೇ ಅದರ ಉಪಯೋಗ ಸವೆಯುತ್ತಿದೆ. ಆದುದರಿಂದಲೇ ಗದ್ದಲವೂ ಆಗಿಲ್ಲ.

ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಗ್ಲ್ಯಾಡ್‌ಸ್ಟನ್ನರಿಗೆ ಉತ್ತರ ಕೊಡಬೇಕು. ಮೇಲಿನ ಲೆಕ್ಕದಲ್ಲಿ 8,500 ರೂಪಾಯಿ ದಾನಿಯದು, 1,500 ಸಾರ್ವಜನಿಕರದು. ಸಾರ್ವಜನಿಕರ ಆ ಪಾಲು ಸೇರಿದ ಮೇಲೆ ಸಂಘದ ಲೆಕ್ಕಪತ್ರ ಸಾರ್ವಜನಿಕವಾಗಿಯೇ ಇರತಕ್ಕದ್ದು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯಂತೆ ಧರ್ಮಾದಾಯ ಆಯುಕ್ತರ ಕಚೇರಿಗೆ ಲೆಕ್ಕ ಒಪ್ಪಿಸುವುದು ಕಡ್ಡಾಯ. ಅದರ ಒಂದು ಪ್ರತಿ ಸಂಘದ ವಾಚನಾಲಯದ ಮೇಜಿನ ಮೇಲೂ ಇರಲಿ. ಎರಡನೆಯದಾಗಿ, ಕೇಳಬೇಕು. ಹೊಸ ಪದ್ಧತಿಯಲ್ಲಿಯೂ ದಾನಕ್ಕೆ ರಿಯಾಯಿತಿ ಸಿಗಲೆಂದು ಸಮ್ಮೇಳನಗಳಲ್ಲಿ ಠರಾವು ಮಾಡಿದರೆ ಸಾಲದು. ಅದನ್ನು ನಮ್ಮ ಸಂಸದರ ಕೈಗೆ ಮುಂಗಡಪತ್ರಕ್ಕೆ ಮುನ್ನ ಮುಟ್ಟಿಸಬೇಕು. ಅವರು ಯಾವ ಪಕ್ಷದವರಾದರೂ ಸರಿ, ಯಾವ ಭಾಷೆಯವರಾದರೂ ಸರಿ. ಸಣ್ಣ ಸಂಸ್ಥೆಗಳ ನೋಂದಣಿಯ ಅವಧಿ 2025ರಲ್ಲಿ ಐದು ವರ್ಷದಿಂದ ಹತ್ತು ವರ್ಷಕ್ಕೆ ಏರಿರುವುದನ್ನು ನೋಡಿದರೆ, ಸಣ್ಣವರ ತೊಡಕುಗಳಿಗೂ ದೆಹಲಿಯಲ್ಲಿ ಪರಿಹಾರವುಂಟೆಂದು ನಂಬಬಹುದು.

ಇಲ್ಲಿ ಕನ್ನಡಿಗರು ಒಬ್ಬರೇ ಕೇಳಬೇಕಾಗಿಯೂ ಇಲ್ಲ. ನೆರೆಯ ಮರಾಠಿ ವಾಚನಾಲಯ, ತೆಲುಗು ಸಮಾಜ, ಉರ್ದು ಶಾಲೆಗಳ ಟ್ರಸ್ಟು, ಇವೆಲ್ಲಕ್ಕೂ ಇದೇ ಕಲಮು, ಇದೇ ತೊಂದರೆ. ಭಾಷೆಯ ಪ್ರಶ್ನೆಯಲ್ಲಿ ಬೇರೆ ಬೇರೆ ಬಾಗಿಲುಗಳನ್ನು ತಟ್ಟುವ ನಾವು ಈ ಒಂದು ವಿಷಯದಲ್ಲಿ ಒಂದೇ ಮನವಿಗೆ ಸಹಿ ಹಾಕಬಲ್ಲೆವು. ಡ್ಯೂಕರ ಹೆಸರು ನಮ್ಮಲ್ಲಿಲ್ಲ. ತೆರೆದಿಟ್ಟ ಲೆಕ್ಕದ ಪುಸ್ತಕವೇ ನಮ್ಮ ಬಲ.