ಹೊಲದ ಐಗಳು

ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತಿದ್ದಾಳೆ. ಅವಳ ಕೈಯಲ್ಲಿ ಕನ್ನಡಿಯಿಲ್ಲ, ಗಿಳಿಯಿಲ್ಲ, ಅವಳು ಬರೆಯುತ್ತಿದ್ದಾಳೆ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಅವಳ ಬರಹದ ವಿಷಯ. ಬರೆಯುವ ಕೈಯನ್ನೇ ಚೆಲುವೆಂದು ಕಂಡು ಕಲ್ಲಿನಲ್ಲಿ ನಿಲ್ಲಿಸಿದ ಸೀಮೆ ಇದು. ಎಂಟು ಶತಮಾನಗಳ ತರುವಾಯ ಇದೇ ಸೀಮೆಯಲ್ಲಿ ಮಕ್ಕಳಿಗೆ ಕನ್ನಡದ ಓನಾಮ ತಿದ್ದಿಸುವವನು ಒಂದು ಕಣ್ಣು ಅಕ್ಷರದ ಮೇಲೆ, ಒಂದು ಕಣ್ಣು ದಾರಿಯ ಮೇಲೆ ಇಟ್ಟಿರಬೇಕಾಗಿತ್ತು.

ಅಂಥವನನ್ನು ನಮ್ಮ ಕಡೆ ಐಗಳು ಎನ್ನುತ್ತಿದ್ದರು. ಸಂಬಳದ ಮಾಸ್ತರನಲ್ಲ, ಅವನು ಮೊದಲು ಒಕ್ಕಲಿಗ, ಆಮೇಲೆ ಗುರು. ಮುಂಗಾರಿನಲ್ಲಿ ಹೆಸರು, ಉದ್ದು, ತೊಗರಿ, ಹಿಂಗಾರಿನಲ್ಲಿ ಬಿಳಿಜೋಳ. ಈ ನಡುವೆ ಬಿಡುವು ಸಿಕ್ಕಾಗಲೆಲ್ಲ ಮಠದ ಪಡಸಾಲೆಯಲ್ಲಿಯೋ ಬೇವಿನ ನೆರಳಿನಲ್ಲಿಯೋ ಶಾಲೆ. ನೆಲದ ಮೇಲೆ ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದಿಸುವುದು, ಮಗ್ಗಿ ಬಾಯಿಪಾಠ, ಪಾವು ಅರ್ಧ ಮುಕ್ಕಾಲಿನ ಲೆಕ್ಕ, ಮೋಡಿ ಬರಹದ ಕಾಗದ ಓದುವಷ್ಟು ಮರಾಠಿ. ರಾಶಿಯ ದಿನಗಳಲ್ಲಿ ಶಾಲೆ ತಾನಾಗಿ ಮುಚ್ಚುತ್ತಿತ್ತು. ಗುರುವೂ ಕಣದಲ್ಲಿ, ಶಿಷ್ಯರೂ ಕಣದಲ್ಲಿ. ಅವರವರ ಕಣದಿಂದ ಬಂದ ಜೋಳವೇ ಅವನ ವರ್ಷದ ವೇತನ.

ಆಗ ಕಲ್ಯಾಣಿ ನವಾಬರ ಜಾಗೀರು. ಅದರ ಮೇಲೆ ಹೈದರಾಬಾದಿನ ನಿಜಾಮರ ಪ್ರಭುತ್ವ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. ಉರ್ದುವಿನಲ್ಲಿಯೇ ಉನ್ನತ ಶಿಕ್ಷಣ ಕೊಡಲು 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದೇಶಭಾಷೆಯಲ್ಲಿ ಉನ್ನತ ವಿದ್ಯೆ ಕೊಟ್ಟ ಆ ಸಾಹಸವನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಪ್ರಜೆಗಳಲ್ಲಿ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. 1924ರಲ್ಲಿ ಖಾಸಗಿ ಶಾಲೆಗಳನ್ನು ಕುರಿತು ನಿಯಮಗಳು ಬಂದವು. ಸರಕಾರದ ಅನುಮತಿಯಿಲ್ಲದೆ ಶಾಲೆ ತೆರೆಯುವಂತಿಲ್ಲವೆಂದಾಯಿತು. ಐಗಳು ಯಾರ ಅನುಮತಿ ಕೇಳಬೇಕು? ಅವನ ಶಾಲೆಗೆ ಬಾಗಿಲೇ ಇರಲಿಲ್ಲ, ಫಲಕವೆಲ್ಲಿಂದ ಬರಬೇಕು! ಫಲಕದ ಮಾತು ಬಂದಾಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನೆನಪಾಗದೆ ಇರರು. ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದ ಅವರ ಕಥೆಯನ್ನು ಬೀದರ ಜಿಲ್ಲೆಯಲ್ಲಿ ಅರಿಯದವರಿಲ್ಲ. 1889ರಲ್ಲಿ ಹುಟ್ಟಿ 1999ರವರೆಗೆ ಬಾಳಿದ ಅವರು ತಾವು ಬಿತ್ತಿದ್ದರ ಬೆಳೆಯನ್ನು ಕಣ್ಣಾರೆ ಕಂಡರು. ಆ ಭಾಗ್ಯ ಐಗಳಿಗೆ ಒದಗಲಿಲ್ಲ.

ನಮ್ಮ ಅಜ್ಜ ಅಂಥ ಒಬ್ಬ ಐಗಳ ಶಿಷ್ಯ. ಅವರು ಹೇಳುತ್ತಿದ್ದ ಸಂಗತಿಯೊಂದುಂಟು. ಒಮ್ಮೆ ಕುದುರೆಯ ಮೇಲೆ ಅಧಿಕಾರಿಯೊಬ್ಬ ಬಂದಿಳಿದು, ಇಷ್ಟು ಹುಡುಗರೇಕೆ ಕೂಡಿದ್ದಾರೆಂದು ಕೇಳಿದನಂತೆ. ಐಗಳು ಮರಳನ್ನು ಅಂಗೈಯಿಂದ ಸವರಿ, "ಶ್ರಾವಣದ ಪುರಾಣ ಹೇಳ್ಲತ್ತೀನ್ರಿ ಸಾಹೇಬ್ರ" ಎಂದರು. ಅದು ಮಾಘ ಮಾಸ. ಅಧಿಕಾರಿ ನಕ್ಕು ಕುದುರೆ ಹತ್ತಿ ಹೋದನು. ಎಲ್ಲರೂ ಹೀಗೆ ನಕ್ಕು ಹೋಗುತ್ತಿರಲಿಲ್ಲವೆಂಬುದನ್ನೂ ಅಜ್ಜ ಹೇಳುತ್ತಿದ್ದರು. ಅದೇ ಐಗಳು ಕಚೇರಿಯ ಉರ್ದು ಕಾಗದಗಳನ್ನು ಓದಿ ಊರವರಿಗೆ ತಿಳಿಸಿ ಹೇಳುತ್ತಿದ್ದರೆಂಬುದನ್ನು ಇಲ್ಲಿ ಮರೆಯಬಾರದು. ಅವರಿಗೆ ಯಾವ ಭಾಷೆಯ ಮೇಲೂ ಹಗೆಯಿರಲಿಲ್ಲ.

1948ರ ಮೇ ತಿಂಗಳಲ್ಲಿ ಗೋರಟಾದ ಹತ್ಯಾಕಾಂಡ. ಸೆಪ್ಟೆಂಬರ 13ರಂದು ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ನಳದುರ್ಗಕ್ಕೆ ನುಗ್ಗಿ, ಅದೇ ಹೆದ್ದಾರಿ ಹಿಡಿದು ಮುಂದುವರಿಯಿತು. 17ರಂದು ನಿಜಾಮರು ಶರಣಾದರು. ಆ ತಿಂಗಳುಗಳ ಮಾತನ್ನು ಅಜ್ಜ ಎತ್ತುತ್ತಿರಲಿಲ್ಲ, ನಾವೂ ಕೆದಕುತ್ತಿರಲಿಲ್ಲ.

ಅನಂತರ ಊರಿಗೆ ಸರಕಾರದ ಕನ್ನಡ ಶಾಲೆ ಬಂದಿತು. ಕರಿಹಲಗೆ ಬಂದಿತು, ಹಾಜರಿ ಪುಸ್ತಕ ಬಂದಿತು, ತರಬೇತಿಯಾದ ಮಾಸ್ತರರು ಬಂದರು. ಐಗಳಲ್ಲಿ ಯಾವ ಪರೀಕ್ಷೆಯ ಪ್ರಮಾಣಪತ್ರವೂ ಇರಲಿಲ್ಲ. ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಮಗ್ಗಿಯಿಂದ ಮುಂದಿನ ಗಣಿತವೂ ಭೂಗೋಳವೂ ಅವರಿಗೆ ತಿಳಿಯದು. ಆದರೂ ಕನ್ನಡಕ್ಕೆ ಬಾಗಿಲು ತೆರೆದ ದಿನವೇ ಕನ್ನಡವನ್ನು ಕಾದವನಿಗೆ ಅದು ಮುಚ್ಚಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಹೊಸ ಶಾಲೆಯ ಮುಂದೆ ಎತ್ತು ಹೊಡೆದುಕೊಂಡು ಹೋಗುವಾಗ ಐಗಳು ಕ್ಷಣ ನಿಂತು ಹುಡುಗರ ಮಗ್ಗಿ ಕೇಳುತ್ತಿದ್ದರಂತೆ. ತಪ್ಪಿದರೆ ಹೊರಗಿನಿಂದಲೇ ತಿದ್ದುತ್ತಿದ್ದರಂತೆ. ಮಾಸ್ತರರಿಗೆ ಮೊದಮೊದಲು ಇದು ಸೇರಲಿಲ್ಲ, ಆಮೇಲೆ ರೂಢಿಯಾಯಿತು.

1956ರ ನವೆಂಬರ 1ರಂದು ಬೀದರ ಜಿಲ್ಲೆ ಮೂರು ಪಾಲಾಗಿ, ಉದಗೀರ, ನಿಲಂಗಾ ಮರಾಠಿಯ ಕಡೆಗೂ, ಜಹೀರಾಬಾದ, ನಾರಾಯಣಖೇಡ ತೆಲುಗಿನ ಕಡೆಗೂ ಹೋದವು. ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಐಗಳು ಅದರ ಹಿಂದಿನ ಚಳಿಗಾಲದಲ್ಲಿ, ಎಳ್ಳಮಾವಾಸ್ಯೆ ಕಳೆದು ಜೋಳ ತೆನೆಗೂಡಿದ ಹೊತ್ತಿನಲ್ಲಿ ಲಿಂಗೈಕ್ಯರಾದರು. ಅವರ ಹೊಲದ ಬದುವಿನಲ್ಲಿಯೇ ಕುಳ್ಳಿರಿಸಿ ಸಮಾಧಿ ಮಾಡಿದರು. ಅಗೆದವರು, ಹೊತ್ತವರು, ಮಣ್ಣೆಳೆದವರು ಎಲ್ಲರೂ ಶಿಷ್ಯರೇ. ತೆನೆ ತುಳಿಯಬಾರದೆಂದು ಬದುವಿನ ಮೇಲೆ ಸಾಲಾಗಿ ಒಬ್ಬರ ಹಿಂದೊಬ್ಬರು ನಡೆದುದನ್ನು ಅಜ್ಜ ತಪ್ಪದೆ ಹೇಳುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಆ ಹೊಲಕ್ಕೆ ಹೋಗಿದ್ದೆ. ಈಗ ಅಲ್ಲಿ ಸೋಯಾಬೀನ್. ಪಹಣಿಯಲ್ಲಿ ಮೊಮ್ಮಕ್ಕಳ ಹೆಸರುಗಳಿವೆ. ಗದ್ದಿಗೆಯ ಕಲ್ಲಿಗೆ ಯಾರೋ ಸುಣ್ಣ ಬಳಿದಿದ್ದರು. ಟ್ರ್ಯಾಕ್ಟರಿನ ಗಾಲಿಯ ಗುರುತು ಅದರ ಹತ್ತಿರ ಬಂದು, ಬಳಸಿಕೊಂಡು ಮುಂದೆ ಹೋಗಿತ್ತು.