ನಾಲ್ಕು ಗಂಟೆಯ ತಂತಿ

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದು ಕಿರುಪರೀಕ್ಷೆ ನಡೆದಿತ್ತು. ಹನ್ನೊಂದಕ್ಕೆ ಮುಗಿಯಬೇಕು. ಬೇಗ ಬರೆದು ಎದ್ದವರು ಪಾರಾದರು. ಕುಷ್ಟಗಿ ಕಡೆಯ ಒಬ್ಬ ಹುಡುಗಿ, ನಿಧಾನವಾಗಿ ಯೋಚಿಸಿ ಬರೆಯುವವಳು, ಉತ್ತರ ಕಳಿಸಿದಾಗ ಸರ್ವರ್ 'ವೇಳೆ ಮೀರಿದೆ' ಎಂದು ತಳ್ಳಿಹಾಕಿತು. "ಟೀಚರ್, ಗಂಟಿ ಇನ್ನೂ ಹೊಡ್ದಿಲ್ಲರೀ" ಎಂದಳು. ನಾನು ಯಂತ್ರವನ್ನು ನಂಬಿ ಹುಡುಗಿಯನ್ನು ಗದರಿದೆ. ಮಧ್ಯಾಹ್ನ ಕೈಗಡಿಯಾರ ಹಿಡಿದು ನೋಡಿದರೆ ಸರ್ವರ್ 18 ನಿಮಿಷ ಮುಂದಿತ್ತು.

ಗಡಿಯಾರಗಳ ಈ ತಕರಾರು ನಮ್ಮ ಭಾಗಕ್ಕೆ ಹೊಸದೇನಲ್ಲ. ಕೊಪ್ಪಳ ಆಗ ನಿಜಾಮರ ಸೀಮೆ. ಅಲ್ಲಿಗೆ 1880ರ ದಶಕದಲ್ಲಿ ಸದರ್ನ್ ಮರಾಠಾ ಕಂಪನಿಯ ರೈಲು ಬಂತು. ಅಲ್ಲಿಯವರೆಗೆ ನೆತ್ತಿಯ ಮೇಲೆ ಸೂರ್ಯ ಬಂದಾಗ ಆ ಊರಿಗೆ ಮಧ್ಯಾಹ್ನ. ಪಕ್ಕದ ಊರಿನ ಮಧ್ಯಾಹ್ನ ತುಸು ಹಿಂದೆಮುಂದೆ ಆದರೆ ಯಾರ ಗಂಟೇನೂ ಹೋಗುತ್ತಿರಲಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರು ಎರಡು ಗಾಡಿ ಓಡಿಸುವವರಿಗೆ ಅದು ನಡೆಯದು. ದೇಶದ ರೈಲುಗಳೆಲ್ಲ ಬಹುಕಾಲ ಮದ್ರಾಸಿನ ವೇಳೆಯನ್ನು ಹಿಡಿದು ಓಡಿದವು. 1906ರ ಜನವರಿ 1ರಿಂದ ಬಂದ ಭಾರತೀಯ ಪ್ರಮಾಣ ವೇಳೆ ಅದಕ್ಕಿಂತ ಸುಮಾರು 9 ನಿಮಿಷ ಮುಂದೆ. ಕೊಪ್ಪಳದ ಸೂರ್ಯನಿಗಿಂತಲಂತೂ ಸುಮಾರು 25 ನಿಮಿಷ ಮುಂದೆ! ನಮ್ಮ ಸರ್ವರಿನ 18 ನಿಮಿಷ ಅದರ ಮುಂದೆ ಏನು ದೊಡ್ಡದು? ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ದೇಶದ ಗಡಿಯಾರಗಳನ್ನೇ ಒಂದು ತಾಸು ಮುಂದೆ ತಿರುಗಿಸಿದ್ದರು. ನಿಜಾಮರ ಕಚೇರಿ ಕಾಗದಗಳಲ್ಲಿ ಫಸಲಿ ವರ್ಷ ಬೇರೆ. ಅದು ಕ್ರಿಸ್ತಶಕಕ್ಕಿಂತ ಸುಮಾರು 590 ವರ್ಷ ಹಿಂದೆ.

ಆದರೆ ಗಡಿಯಾರವನ್ನು ಒಮ್ಮೆ ಸರಿಮಾಡಿದರೆ ಮುಗಿಯಲಿಲ್ಲ, ಅದು ಮತ್ತೆ ಜಾರುತ್ತದೆ. ರೈಲ್ವೆಯವರಿಗೆ ಇದು ಗೊತ್ತಿತ್ತು. ಪ್ರತಿದಿನ ಸಾಯಂಕಾಲ ನಾಲ್ಕಕ್ಕೆ ಮುಖ್ಯ ನಿಲ್ದಾಣಗಳಿಗೆ ಪ್ರಮಾಣ ವೇಳೆಯ ಸಂಕೇತ ಕಳಿಸಬೇಕೆಂದು ಅವರ ಸಾಮಾನ್ಯ ನಿಯಮಗಳಲ್ಲೇ ಬರೆದಿದೆ. ಹಿಂದೆ ಅದು ತಂತಿಯಲ್ಲಿ ಕಟಕಟ ಎಂದು ಬರುತ್ತಿತ್ತು. ಸ್ಟೇಷನ್ ಮಾಸ್ತರರು ಅದನ್ನು ಕೇಳಿ ಗೋಡೆಯ ಗಡಿಯಾರದ ಮುಳ್ಳು ಸರಿಸುವರು.

ಕಂಪ್ಯೂಟರುಗಳಿಗೂ ಇಂಥದೊಂದು ತಂತಿ ಬೇಕಲ್ಲ? ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಅದರ ಕ್ರಮವನ್ನು ಬರೆದು ಪ್ರಕಟಿಸಿದರು. ಹುಟ್ಟಿನಿಂದಲೇ ಕಣ್ಣಿನ ತೊಂದರೆಯಿದ್ದ ಈ ಮನುಷ್ಯ 2024ರಲ್ಲಿ ತೀರಿಕೊಂಡರು. ಕೊನೆಗೆ ದೃಷ್ಟಿ ಪೂರ್ತಿ ಹೋಗಿತ್ತು. ಅವರ ಉಪಾಯ ನಮ್ಮ ಮಕ್ಕಳಿಗೂ ತಿಳಿಯುವಂಥದು. ಸ್ಟೇಷನ್ನಿನ ಗಡಿಯಾರ ನೋಡಿ ಬಾ ಎಂದು ಒಬ್ಬ ಹುಡುಗನನ್ನು ಓಡಿಸುತ್ತೀರಿ. ಅವನು ಹೋಗಿ ಬರಲು ಹತ್ತು ನಿಮಿಷ ಹಿಡಿಯಿತು. ಅವನು ತಂದ ವೇಳೆಗೆ ಅರ್ಧ, ಅಂದರೆ ಐದು ನಿಮಿಷ, ಕೂಡಿಸಿದರೆ ಈಗಿನ ವೇಳೆ. ಬರುವಾಗ ಹುಡುಗ ಗೋಲಿ ಆಡುತ್ತ ನಿಂತರೆ ಲೆಕ್ಕ ತಪ್ಪಿತು. ಅದಕ್ಕೇ ಕಂಪ್ಯೂಟರು ಹಲವು ಕಡೆ, ಹಲವು ಸಲ ಕೇಳುತ್ತದೆ. ನಮ್ಮ ದೇಶಕ್ಕೆ ವೇಳೆ ಹೇಳುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿರುವುದು ಪರಮಾಣು ಗಡಿಯಾರ.

ಹಾಗಾದರೆ ನಮ್ಮ ಸರ್ವರ್ ಏಕೆ ಕೇಳಲಿಲ್ಲ? ವರ್ಷವೊಂದು ಶಾಲೆಗೆ ಇಂಟರ್‌ನೆಟ್ ಇರಲಿಲ್ಲ. ದಿನಕ್ಕೆ ಮೂರು ಸೆಕೆಂಡು ಮುಂದೋಡಿದರೂ ವರ್ಷಕ್ಕೆ 18 ನಿಮಿಷವಾಯಿತು. ಸಂಪರ್ಕ ಮತ್ತೆ ಬಂದಾಗ ವೇಳೆ ಕೇಳುವ ಪ್ರೋಗ್ರಾಮು ಎದ್ದು ವಿಚಾರಿಸಿದೆ. ವ್ಯತ್ಯಾಸ ಸಾವಿರ ಸೆಕೆಂಡಿಗಿಂತ ಹೆಚ್ಚಿದ್ದರೆ, ಎಲ್ಲೋ ದೊಡ್ಡ ತಪ್ಪಾಗಿದೆ, ಮನುಷ್ಯರೇ ನೋಡಲಿ ಎಂದು ಅದು ಕೆಲಸ ಬಿಟ್ಟು ನಿಲ್ಲುತ್ತದೆ. 18 ನಿಮಿಷವೆಂದರೆ 1,080 ಸೆಕೆಂಡು. ನಿಂತ ಸಂಗತಿಯನ್ನು ದಾಖಲೆಯಲ್ಲಿ ಒಂದು ಸಾಲು ಬರೆದೂ ಇಟ್ಟಿತ್ತು. ಓದುವವರು ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಕೈಯಿಂದ ವೇಳೆ ಸರಿಮಾಡಿ ಪ್ರೋಗ್ರಾಮನ್ನು ಮತ್ತೆ ಶುರುಮಾಡಿದೆವು. ಹದಿನೈದು ನಿಮಿಷದ ಕೆಲಸ.

ಮರುದಿನ ಆ ಹುಡುಗಿಯನ್ನು ಕರೆದು, ತಪ್ಪು ಸರ್ವರಿನದು ಎಂದೆ. ಮತ್ತೊಮ್ಮೆ ಪರೀಕ್ಷೆ ಬರೆಸಿದೆ. ಬರೆದು ಎದ್ದು ನಿಂತವಳು ಕೇಳಿದಳು: "ಹಂಗಾರ ಸರ್ವರಿಗೆ ಬೈದ್ರೇನ್ರೀ ಟೀಚರ್?"