ಭಂಗಾರ್‌ಗೆ ಹೊರಟಿದ್ದ ಯೆಜ್ಡಿ: ಮೈಸೂರಿನ ಒಂದು ಇಂಜಿನ್ನಿನ ಕಥೆ

ದೀಪಾವಳಿಗೆ ಮುಂಚೆ ಭಂಗಾರ್‌ನವರು ಟಂಟಂ ತಗೊಂಡು ನಮ್ಮ ಊರಿಗೆ ಬಂದಿದ್ದರು. ಒಡೆದ ಕೊಡ, ತುಕ್ಕು ಹಿಡಿದ ತಗಡು, ಸುಟ್ಟ ಮೋಟರು ಎಲ್ಲಾ ತೂಕದ ಮೇಲೆ. ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಕಾಕಾನ ಯೆಜ್ಡಿ ರೋಡ್‌ಕಿಂಗ್ ನೋಡಿ, "ಇದನ್ನೂ ಹಾಕ್ರಿ, ಕಿಲೋ ಲೆಕ್ಕದಾಗ ತಗೋತೀವಿ" ಅಂದರು. ಸುಮಾರು 140 ಕಿಲೋ ತೂಗುವ ಗಾಡಿ. ಕಾಕಾ ಏನೂ ಮಾತಾಡಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದರು.

ಆ ನೋಟದ ಅರ್ಥ ನನಗೆ ಗೊತ್ತಿತ್ತು. ಗಾಡಿ ಕೆಡಿಸಿದವನು ನಾನೇ.

2009ರಲ್ಲಿ ನಾನು ಡಿಪ್ಲೊಮಾ ಓದುತ್ತಿದ್ದೆ. ಹುಮನಾಬಾದ್‌ನಿಂದ ಬಸವಕಲ್ಯಾಣಕ್ಕೆ ಹೋಗುವ ಅವಸರದಲ್ಲಿ ಬಂಕಿನಲ್ಲಿ ಬರೀ ಪೆಟ್ರೋಲ್ ತುಂಬಿಸಿದೆ, ಎಣ್ಣೆ ಹಾಕಿಸಲು ಮರೆತೆ. ರಾಜೇಶ್ವರ ಹತ್ತಿರ ಇಂಜಿನ್ ಒಮ್ಮೆ ಕಿರುಚಿ, ಹಿಂದಿನ ಗಾಲಿ ಗಪ್ಪನೆ ನಿಂತಿತು. ಅಲ್ಲಿಂದ ತಳ್ಳಿಕೊಂಡು ಹೋದೆ. ಒಬ್ಬ ಮೆಕ್ಯಾನಿಕ್ ಕಿಕ್ಕಿನ ಮೇಲೆ ನಿಂತು ಜಗ್ಗಿದ, ಸುತ್ತಿಗೆಯಿಂದ ಬಡಿದ, ಕೊನೆಗೆ "ಮಾರಿಬಿಡ್ರಿ" ಅಂದ. ಅವತ್ತಿನಿಂದ 16 ವರ್ಷ ಗಾಡಿ ಕೊಟ್ಟಿಗೆಯಲ್ಲೇ ಇತ್ತು. ಕಾಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಪಟ್ಟಣದ ದುಡ್ಡಿನವರು ಹಳೇ ಸ್ಪೋರ್ಟ್ಸ್ ಕಾರಿನ ಇಂಜಿನ್ ಬಿಚ್ಚಿ ಮತ್ತೆ ಕಟ್ಟುವುದನ್ನು ನೀವು ಫೋನಿನಲ್ಲಿ ನೋಡಿರುತ್ತೀರಿ. ನಮ್ಮ ಭಾಗಕ್ಕೆ ಅಂಥ ಕಾರು ಎಲ್ಲಿ ಬರಬೇಕು? ನಮಗೆ ಸ್ಪೋರ್ಟ್ಸ್ ಗಾಡಿ ಅಂದರೆ ಜಾವಾ, ಯೆಜ್ಡಿ. ಮದ್ರಾಸ್ ಹತ್ತಿರದ ಶೋಲಾವರಂ ರೇಸುಗಳಲ್ಲಿ ಓಡಿದ್ದೂ ಇವೇ, ನಮ್ಮೂರಿನ ಕೆಂಪು ಮಣ್ಣಿನ ದಾರಿಯಲ್ಲಿ ಹಾಲಿನ ಕ್ಯಾನ್ ಹೊತ್ತಿದ್ದೂ ಇವೇ.

ಭಂಗಾರ್‌ನವರನ್ನು ಖಾಲಿ ಕೈಯಲ್ಲಿ ಕಳಿಸಿದೆ. ಮರುದಿನ ಹುಮನಾಬಾದ್‌ನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ದೋಸ್ತನಿಗೆ ಫೋನ್ ಮಾಡಿದೆ.

ಮೈಸೂರಿಗೆ ಹೇಗೆ ಬಂತು?

ಇಂಜಿನ್ ಬಿಚ್ಚುವ ಮುಂಚೆ ಅದರ ಮೂಲ ತಿಳಿಯೋಣ.

ಜಾವಾ ಹುಟ್ಟಿದ್ದು ಆಗಿನ ಜೆಕೊಸ್ಲೊವಾಕಿಯಾ ದೇಶದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಆಯುಧ ತಯಾರಕ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ಮಾಡುವ ಹಕ್ಕು ಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿ ಹೆಸರಿಟ್ಟ. ಜೆಕ್ ಭಾಷೆಯಲ್ಲಿ ಅದು ಯಾವಾ, ನಮ್ಮ ಬಾಯಲ್ಲಿ ಜಾವಾ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರ ಹೊರದೇಶದ ಗಾಡಿಗಳನ್ನು ತರಿಸುವುದಕ್ಕೆ ಕಡಿವಾಣ ಹಾಕಿತು. ಮಾರಬೇಕೆಂದರೆ ಇಲ್ಲೇ ತಯಾರಿಸಬೇಕು. ಮದ್ರಾಸಿನಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಆಗಿದ್ದು 1955ರಲ್ಲಿ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಜಾವಾ ಕಂಪನಿಯಿಂದ ಅನುಮತಿ ಪಡೆದು ಮೈಸೂರಿಗೆ ಬಂದರು. ಐಡಿಯಲ್ ಜಾವಾ ಎಂಬ ಅವರ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಯಿತು. ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್.

ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಈ ಇಸವಿ ನೋಡಿ. ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಬಸವಕಲ್ಯಾಣ, ಹುಮನಾಬಾದ್‌ನ ಜನರಿಗೆ ಸಂತೆ, ಕೋರ್ಟು, ದವಾಖಾನೆ ಎಲ್ಲಕ್ಕೂ ಹೈದರಾಬಾದ್ ಇಲ್ಲವೇ ಸೊಲ್ಲಾಪುರ. ಮೈಸೂರು ರಾಜ್ಯದ ಇನ್ನೊಂದು ತುದಿ. ರಾಜ್ಯ ಒಂದಾದ ಐದೇ ವರ್ಷಕ್ಕೆ ಆ ತುದಿಯಲ್ಲಿ ಈ ಕಾರ್ಖಾನೆ ಶುರುವಾಯಿತು. ಅಲ್ಲಿಯ ಗಾಡಿಗಳು ಮುಂದೆ ಈ ತುದಿಯ ಹಳ್ಳಿಗಳಿಗೂ ಬಂದವು. ಮಾಸ್ತರು, ಗುತ್ತಿಗೆದಾರರು, ಊರ ಗೌಡರು ಹತ್ತಿದರು.

1973ರಿಂದ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ಪಟ್ಟಣದಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. ಕಾಕಾ ಕೊಂಡಿದ್ದು 1986ರಲ್ಲಿ, ಪ್ರಾಥಮಿಕ ಶಾಲೆಯ ಮಾಸ್ತರಾಗಿದ್ದಾಗ. ನಾನಿನ್ನೂ ಹುಟ್ಟಿರಲಿಲ್ಲ.

ಬಿಚ್ಚಿದಾಗ ಕಂಡದ್ದು

ದೋಸ್ತ ಬಂದ ದಿನ ಗಾಡಿಗೆ ಕೈ ಹಚ್ಚಲೇ ಇಲ್ಲ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಮತ್ತು ಇಂಜಿನ್ ಆಯಿಲ್ ಕಲಸಿ ಹೊಯ್ದ. "ಎಂಟು ದಿವಸ ಹಿಂಗೇ ಇರ್ಲಿ. ಕಿಕ್ ಹೊಡಿಬ್ಯಾಡ" ಅಂತ ಹೇಳಿ ಚಹಾ ಕುಡಿದು ಹೋದ.

ಎಂಟು ದಿನ ಆದಮೇಲೆ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಕಟ್ಟಿಗೆಯ ತುಂಡು ಇಟ್ಟು ಮೆಲ್ಲಗೆ ತಟ್ಟಿದ. ಕೂದಲೆಳೆಯಷ್ಟು ಸರಿಯಿತು. ಮತ್ತೆ ತಟ್ಟಿದ. ಸಂಜೆ ಹೊತ್ತಿಗೆ ಸಿಲಿಂಡರ್ ಕೈಗೆ ಬಂತು.

ಅದರೊಳಗೆ ನನ್ನ ತಪ್ಪು ಅಚ್ಚೊತ್ತಿದ ಹಾಗೆ ಇತ್ತು. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡಿತ್ತು. ಇದು ಯಾಕೆ ಆಗುತ್ತದೆಂದು ಹೇಳುತ್ತೇನೆ. ಈಗಿನ ನಿಮ್ಮ ಗಾಡಿ ಫೋರ್ ಸ್ಟ್ರೋಕ್. ಅದರ ಇಂಜಿನ್ ಆಯಿಲ್ ತಳದಲ್ಲಿ ಬೇರೆಯಾಗಿ ಇರುತ್ತದೆ. ಯೆಜ್ಡಿ ಟೂ ಸ್ಟ್ರೋಕ್. ಅದರಲ್ಲಿ ವಾಲ್ವ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಸಿಲಿಂಡರಿನ ಕಿಟಕಿಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲ್ ಹೊಗೆ ಕ್ರ್ಯಾಂಕ್ ಇರುವ ಕೋಣೆಯ ಮೂಲಕವೇ ಹಾದು ಮೇಲೆ ಹೋಗಬೇಕು. ಆದ್ದರಿಂದ ಪಿಸ್ಟನ್, ಕ್ರ್ಯಾಂಕ್ ಬೇರಿಂಗ್ ಎಲ್ಲಕ್ಕೂ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ ಮಾತ್ರ. ಒಂದು ಲೀಟರಿಗೆ 40 ಮಿ.ಲೀ. ಎಣ್ಣೆ, ಹಳೇ ಲೆಕ್ಕ. ನಾನು ಮರೆತದ್ದು ಅಷ್ಟೇ.

ಈ ಗಾಡಿಯ ಇನ್ನೂ ಕೆಲವು ಗುಣಗಳು ಹೊಸ ಹುಡುಗರಿಗೆ ವಿಚಿತ್ರ ಅನಿಸಬಹುದು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್, ಗಾಡಿ ಚಾಲೂ ಆದಮೇಲೆ ಮುಂದೆ ಮಲಗಿಸಿದರೆ ಗೇರ್. ಜಾವಾದ 250 ಇಂಜಿನ್ನಿನ ಅಳತೆ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಿಚ್ಚಲು ಒಂದು ಚೀಲ ಪಾನಾ, ಒಂದೆರಡು ಪುಲ್ಲರ್ ಇದ್ದರೆ ಸಾಕು.

ದೋಸ್ತನಿಗೆ ಪಂಪ್‌ಸೆಟ್ ಗೊತ್ತು, ಕ್ರ್ಯಾಂಕ್ ಗೊತ್ತಿಲ್ಲ. ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸವಕಲ್ಯಾಣಕ್ಕೆ ಹೋದೆವು. ಲಾರಿ ಗ್ಯಾರೇಜುಗಳ ಆ ಸಾಲಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಉಸ್ತಾದ್ ಲೇತ್ ಮುಂದೆ ಕೂತಿದ್ದರು. ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಒಮ್ಮೆ ಎಳೆದು, "ಆಟ ಅದ. ರಾಡ್ ಕಿಟ್ ಬದಲಿ ಮಾಡಬೇಕು" ಅಂದರು. ಅಳತೆಯ ಯಂತ್ರವನ್ನು ಆಮೇಲೆ ಹಚ್ಚಿದರು, ಅದೂ ಅದನ್ನೇ ಹೇಳಿತು.

ಈ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಚಕ್ರಗಳನ್ನು ಒಂದು ಪಿನ್ ಮೇಲೆ ಒತ್ತಿ ಕೂಡಿಸಿರುತ್ತಾರೆ. ಪ್ರೆಸ್ಸಿನಲ್ಲಿ ಒತ್ತಿ ಬಿಡಿಸಬೇಕು, ಹೊಸ ರಾಡ್ ಹಾಕಿ ಮತ್ತೆ ಒತ್ತಬೇಕು. ಎರಡೂ ಚಕ್ರ ಒಂದೇ ನೇರಕ್ಕೆ ಬರಬೇಕು. ಸ್ವಲ್ಪ ಸೊಟ್ಟ ಆದರೂ ಗಾಡಿ ನಡುಗುತ್ತದೆ, ಬೇರಿಂಗ್ ತಿಂದುಹೋಗುತ್ತದೆ. ಉಸ್ತಾದರು ಲೇತಿಗೆ ಕಟ್ಟಿ ತಿರುಗಿಸುವುದು, ನೋಡುವುದು, ತಾಮ್ರದ ಸುತ್ತಿಗೆಯಿಂದ ಒಂದು ಏಟು ಕೊಡುವುದು, ಮತ್ತೆ ತಿರುಗಿಸುವುದು. ಎರಡು ತಾಸು ಹಿಡಿಯಿತು.

"ಬಿಚ್ಚೋದು ದೊಡ್ಡ ಮಾತಲ್ಲ ಬೇಟಾ. ಬಿಚ್ಚಿದ್ದು ಎಲ್ಲಿಂದು ಅಂತ ನೆನಪಿಡೋದೇ ಕೆಲಸ" ಅಂದರು. ಈ ಕೆಲಸ ಯಾರಿಗಾದರೂ ಕಲಿಸಿದ್ದೀರಾ ಎಂದು ಕೇಳಿದೆ. "ಯಾರ್ ಕಲೀತಾರ? ಮಗ ಹೈದರಾಬಾದ್‌ದಾಗ ಮೊಬೈಲ್ ಅಂಗಡಿ ಇಟ್ಟಾನ" ಅಂದು ನಕ್ಕರು.

ಕಾರ್ಖಾನೆ ಯಾಕೆ ಮುಚ್ಚಿತು?

ಕಾಕಾ ಗಾಡಿ ಕೊಂಡ ಹೊತ್ತಿಗೇ ಯೆಜ್ಡಿಗೆ ಕೆಟ್ಟ ದಿನ ಶುರುವಾಗಿತ್ತು. 1984, 85ರಲ್ಲಿ ಜಪಾನಿ ಕಂಪನಿಗಳ ಜೊತೆ ಸೇರಿ ತಯಾರಿಸಿದ 100 ಸಿಸಿ ಗಾಡಿಗಳು ಬಂದವು. ಇಂಡ್-ಸುಜುಕಿ ಬಂತು, ಯಮಹಾ ಆರ್‌ಎಕ್ಸ್ 100 ಬಂತು, ಹೀರೋ ಹೋಂಡಾ ಸಿಡಿ 100 ಬಂತು. ಹೀರೋ ಹೋಂಡಾ ಫೋರ್ ಸ್ಟ್ರೋಕ್, ಒಂದು ಲೀಟರಿಗೆ 80 ಕಿ.ಮೀ. ಎಂದು ಜಾಹೀರಾತು. ಕಾಕಾನ ಯೆಜ್ಡಿ ಕೊಡುತ್ತಿದ್ದುದು 30ರ ಆಸುಪಾಸು. ತಿಂಗಳ ಸಂಬಳ ಎಣಿಸುವ ಮನೆಗೆ ಈ ಎರಡು ಅಂಕಿ ಸಾಕು.

ಹೊಗೆಯ ಮೇಲಿನ ಕಾನೂನು ಇನ್ನೊಂದು ಕಾರಣ. 1991ರಲ್ಲಿ ಮೊದಲ ಮಿತಿ ಬಂತು, 1996ರಲ್ಲಿ ಅದನ್ನು ಬಿಗಿ ಮಾಡಿದರು. ಎಣ್ಣೆ ಸುಡುವ ಹಳೇ ಟೂ ಸ್ಟ್ರೋಕ್ ಇಂಜಿನ್ನಿಗೆ ಅದು ಕಷ್ಟ. ಐಡಿಯಲ್ ಜಾವಾ 1996ರಲ್ಲೇ ಮುಚ್ಚಿತು. ಅಲ್ಲಿ ದುಡಿದ ಮನೆಗಳ ಅನ್ನವೂ ಅದರೊಂದಿಗೆ ಹೋಯಿತು.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಶೋರೂಮಿಗೆ ಬಂದಿವೆ. ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೇ ಗಾಡಿಗೆ ಅವುಗಳ ಪಿಸ್ಟನ್ ಕೂರುವುದಿಲ್ಲ.

ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ ಆಗುತ್ತ ಬಂದರೂ ಈ ಗಾಡಿಗಳು ಇನ್ನೂ ಓಡುತ್ತಿವೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಬೆಂಗಳೂರು, ಮೈಸೂರಿನಲ್ಲಿ ಜಾವಾ ದಿನ ಎಂದು ಮೆರವಣಿಗೆ ಹೊರಡಿಸುತ್ತಾರೆ. ಅದನ್ನು ಸಾಧ್ಯ ಮಾಡಿದ್ದು ಕಂಪನಿ ಅಲ್ಲ, ಊರೂರಿನ ಉಸ್ತಾದರು. ಗಾಡಿ ಬಿಚ್ಚಲು ಸುಲಭ ಇದ್ದದ್ದಕ್ಕೆ ಅವರು ಕಲಿತರು. ಅವರು ಕಲಿತದ್ದಕ್ಕೆ ಗಾಡಿ ಉಳಿಯಿತು. ಈಗ ಆ ಕೈಗಳಿಗೆ ವಯಸ್ಸಾಗಿದೆ. ಕಾಕಾನ ಗಾಡಿಗಿಂತ ಹೆಚ್ಚಿಗೆ ನನಗೆ ಈಗ ಚಿಂತೆ ಇರುವುದು ಅದರದೇ.

ಮತ್ತೆ ಚಾಲೂ

ಸಿಲಿಂಡರ್ ಬೋರ್ ಮಾಡಿಸಿ, ಹೈದರಾಬಾದ್‌ನ ಹಳೇ ಸ್ಪೇರ್ ಅಂಗಡಿಯಲ್ಲಿ ಸಿಕ್ಕ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿದೆವು. ಸೈಲೆನ್ಸರಿನ ಒಳಗಿನ ಕೊಳವೆಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಮಸಿ ತೆಗೆದೆವು. ಕೊನೆಗೆ ಟೈಮಿಂಗ್. ಉಸ್ತಾದರು ಹೇಳಿಕೊಟ್ಟಂತೆ ಸಿಗರೇಟ್ ಪಾಕೀಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಸಿಕ್ಕಿಸಿದೆವು. ಪಿಸ್ಟನ್ ತುದಿ ಮುಟ್ಟಲು ಸುಮಾರು 3 ಮಿ.ಮೀ. ಇರುವಾಗ ಕಾಗದ ಸಡಿಲಾಗಿ ಜಾರಬೇಕು. ನಾಲ್ಕನೇ ಸಲಕ್ಕೆ ಸರಿಹೋಯಿತು.

ಮೊದಲ ದಿನ ಚಾಲೂ ಆಗಲಿಲ್ಲ. ಎರಡನೇ ದಿನವೂ ಇಲ್ಲ. ಕಾರ್ಬುರೇಟರ್ ಜೆಟ್ಟಿನಲ್ಲಿ ಕಸ ಇತ್ತು. ಮೂರನೇ ದಿನ ಸಂಜೆ ಹನ್ನೊಂದನೇ ಕಿಕ್ಕಿಗೆ ಒಮ್ಮೆ ಕೆಮ್ಮಿ, ಆಮೇಲೆ ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಿಟ್ಟು ಗುಡುಗಿತು. ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿ ಎದ್ದು ನಿಂತಿತು.

ಕಾಕಾ ಹೊರಗೆ ಬಂದರು. ಸ್ವಲ್ಪ ಹೊತ್ತು ಸದ್ದು ಕೇಳಿದರು. ಆಮೇಲೆ ನನಗೆ ಕೇಳಿದ್ದು ಒಂದೇ ಮಾತು: "ಎಣ್ಣಿ ಹಾಕೀದಿ ಇಲ್ಲೋ?"

"ಹಾಕೀನಿ ಕಾಕಾ" ಅಂದೆ.

ಗಾಡಿ ಇನ್ನೂ ರಸ್ತೆಗೆ ಇಳಿದಿಲ್ಲ. 15 ವರ್ಷ ದಾಟಿದ ಗಾಡಿಗೆ ಆರ್‌ಸಿ ನವೀಕರಣ ಬೇಕು, ನಮ್ಮದು ಬಾಕಿ ಇದೆ. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ಎಂದು ನೋಂದಣಿ ಮಾಡಿಸಲು 50 ವರ್ಷ ಆಗಿರಬೇಕು, ಇದಕ್ಕೆ ಇನ್ನೂ ಆಗಿಲ್ಲ. ಸದ್ಯ ಅಂಗಳದಲ್ಲೇ ವಾರಕ್ಕೊಮ್ಮೆ ಚಾಲೂ ಮಾಡುತ್ತೇವೆ.

ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಇಂಥದ್ದೊಂದು ನಿಂತಿದ್ದರೆ ಭಂಗಾರ್‌ಗೆ ಹಾಕುವ ಮುಂಚೆ ಎರಡು ಕೆಲಸ ಮಾಡಿ. ಅದನ್ನು ಓಡಿಸಿದ ಹಿರಿಯರನ್ನು ಒಮ್ಮೆ ಕೇಳಿ. ನಿಮ್ಮ ತಾಲೂಕಿನಲ್ಲಿ ಅದನ್ನು ಬಿಚ್ಚಬಲ್ಲ ಉಸ್ತಾದ್ ಇದ್ದರೆ, ಅವರ ಪಕ್ಕ ಒಂದು ದಿನ ಕೂತು ಅವರ ಕೆಲಸವನ್ನು ಫೋನಿನಲ್ಲಿ ಹಿಡಿದಿಡಿ. ನಮ್ಮ ಉಸ್ತಾದರ ಹತ್ತಿರ ಈಗ ಪ್ರತಿ ರವಿವಾರ ದೋಸ್ತ ಹೋಗುತ್ತಿದ್ದಾನೆ. ಕ್ರ್ಯಾಂಕ್ ಒತ್ತುವುದು ಕಲಿಯುತ್ತಿದ್ದಾನೆ.